ಗೋಕಾಕ ಎಂಬುದು ಊರೋ, ಕವಿಯೋ?

‘ಗೋಕಾಕ’ ಎಂಬ ಮೂರಕ್ಷರದ ಪದವು ಕಿವಿಗೆ ಬಿದ್ದೊಡನೆ ಒಬ್ಬರಿಗೆ ಘಟಪ್ರಭೆಯ ಜಲಪಾತವೂ, ಮತ್ತೊಬ್ಬರಿಗೆ ಬೆಳಗಾವಿ ಸೀಮೆಯ ಆ ಪಟ್ಟಣವೂ ಅಲ್ಲಿನ ಕರದಂಟೂ, ಸಾಹಿತ್ಯಾಸಕ್ತರಿಗೆ ‘ವಿನಾಯಕ’ ಎಂಬ ಕಾವ್ಯನಾಮದ ಕವಿ ವಿ. ಕೃ. ಗೋಕಾಕರೂ ನೆನಪಿಗೆ ಬರುವುದು ಸಹಜ. ಆದರೆ ಸಂದರ್ಭವನ್ನು ಬಲ್ಲ ನಾವು ಇವುಗಳಲ್ಲಿ ಯಾವುದು ವಿವಕ್ಷಿತವೆಂಬುದನ್ನು ಕ್ಷಣಮಾತ್ರದಲ್ಲಿ ನಿರ್ಣಯಿಸಿಕೊಳ್ಳುತ್ತೇವೆ. ಅಕ್ಷರಕ್ಕೆ ಅಕ್ಷರವನ್ನು ಮಾತ್ರ ಹೋಲಿಸಿ ನೋಡುವ ಯಂತ್ರಕ್ಕೆ ಈ ವಿವೇಕವಿಲ್ಲ. ಜಾಲಪುಟವನ್ನು ಕಟ್ಟುವ ಸಾಮಾನ್ಯ ಸಂಕೇತಗಳು ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಚಿತ್ರ ಎಂದು ಪುಟದ ಆಕಾರವನ್ನು ತಿಳಿಸುವವೇ ಹೊರತು, ಅಲ್ಲಿ ಹೆಸರಿಸಿರುವ ಗೋಕಾಕರು ಒಬ್ಬ ಮನುಷ್ಯರೆಂಬುದನ್ನಾಗಲಿ, ಅವರು ಹುಟ್ಟಿದ್ದು ಸವಣೂರಿನಲ್ಲೆಂಬುದನ್ನಾಗಲಿ ಅರುಹಲಾರವು.

ಆಕಾರದೊಡನೆ ಅರ್ಥವನ್ನೂ ಯಂತ್ರಕ್ಕೆ ನಿಲುಕುವಂತೆ ಬರೆದಿಡಬೇಕೆಂಬ ಹಂಬಲದಿಂದ ಹುಟ್ಟಿದುದೇ ಸೆಮ್ಯಾಂಟಿಕ್ ವೆಬ್, ಎಂದರೆ ಅರ್ಥಸಹಿತವಾದ ಜಾಲ. 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದುಕೊಂಡು ವಿಶ್ವಜಾಲದ ಮೊದಲ ಯೋಜನೆಯನ್ನು ಬರೆದ ಟಿಮ್ ಬರ್ನರ್ಸ್-ಲೀ ಅವರೇ, 2001ರಲ್ಲಿ ಇಬ್ಬರು ಸಹಲೇಖಕರೊಡನೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಈ ಕಲ್ಪನೆಯನ್ನು ಜನಸಾಮಾನ್ಯರ ಮುಂದಿಟ್ಟರು. ಇದಕ್ಕೆ ಆಧಾರವಾದ ಮೆಟಾಡೇಟಾ (ಮಾಹಿತಿಯನ್ನು ಕುರಿತ ಮಾಹಿತಿ) ಎಂಬುದರ ಹೆಸರು ಹೊಸದಾದರೂ ವಸ್ತು ಹಳೆಯದು: ಗ್ರಂಥಾಲಯದ ಪುಟ್ಟ ಖಾನೆಗಳಲ್ಲಿ, ಗ್ರಂಥದ ಕರ್ತೃ, ವರ್ಷ, ವಿಷಯಗಳನ್ನು ಬರೆದು ಜೋಡಿಸಿಟ್ಟ ಕಾರ್ಡು ಅದೇ ಅಲ್ಲವೆ? ಒಂದು ಗ್ರಂಥದ ವಿಷಯವನ್ನು ದೇಶ, ಕಾಲ ಮೊದಲಾದ ಮುಖಗಳಾಗಿ ಬಿಡಿಸಿ ಗುರುತಿಸುವ ವರ್ಗೀಕರಣವನ್ನು ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರು 1933ರಷ್ಟು ಹಿಂದೆಯೇ ಪ್ರಕಟಿಸಿದ್ದರು; ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದುದು ಬೆಂಗಳೂರಿನಲ್ಲಿ, ಈ ಶಾಸ್ತ್ರಕ್ಕೆಂದೇ 1962ರಲ್ಲಿ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದುದೂ ಇಲ್ಲಿಯೇ. ವಸ್ತುವನ್ನು ಸರಿಯಾಗಿ ವಿವರಿಸುವುದೇ ಒಂದು ವಿದ್ಯೆಯೆಂಬ ಮಾತು ನಮ್ಮ ನೆಲಕ್ಕೆ ಅಪರಿಚಿತವಲ್ಲ.

ಇಂಥ ವಿವರಣೆಯನ್ನು ಯಂತ್ರಕ್ಕಾಗಿ ಬರೆದಿಡಲೆಂದು 1999ರಲ್ಲಿ ಅಂಗೀಕೃತವಾದ ಆರ್‌ಡಿಎಫ್ ಎಂಬ ಪದ್ಧತಿಯು ಪ್ರತಿಯೊಂದು ಸಂಗತಿಯನ್ನೂ ಮೂರೇ ಅಂಗಗಳ ವಾಕ್ಯವಾಗಿ ಒಡೆಯುತ್ತದೆ: ಯಾವುದನ್ನು ಕುರಿತು, ಯಾವ ಸಂಬಂಧ, ಯಾವುದರೊಡನೆ. ‘ಗೋಕಾಕರು, ಜನ್ಮಸ್ಥಳ, ಸವಣೂರು’ ಎಂಬುದು ಒಂದು. ‘ಸವಣೂರು, ಜಿಲ್ಲೆ, ಹಾವೇರಿ’ ಎಂಬುದು ಇನ್ನೊಂದು. ‘ಗೋಕಾಕರು, ಪಡೆದ ಪ್ರಶಸ್ತಿ, ಜ್ಞಾನಪೀಠ’ ಎಂಬುದು ಮತ್ತೊಂದು. ಹೆಸರಿನ ಗೊಂದಲ ತಪ್ಪಲೆಂದು ಪ್ರತಿಯೊಂದು ವಸ್ತುವಿಗೂ ಬೇರೊಂದಕ್ಕಿಲ್ಲದ ಗುರುತನ್ನು ಕೊಡಲಾಗುತ್ತದೆ. 2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಮುಕ್ತ ಭಂಡಾರದಲ್ಲಿ ಬೆಂಗಳೂರಿನ ಗುರುತು ಕ್ಯೂ1355. ಅದನ್ನು ಬೆಂಗಳೂರೆಂದರೂ ಬ್ಯಾಂಗಲೋರ್ ಎಂದರೂ ಆ ಸಂಖ್ಯೆ ಕದಲುವುದಿಲ್ಲ.

ಇನ್ನು ಪ್ರಶ್ನಿಸುವ ಬಗೆ. 2008ರಲ್ಲಿ ಪ್ರಮಾಣೀಕೃತವಾದ ಸ್ಪಾರ್ಕಲ್ ಎಂಬ ಪ್ರಶ್ನಭಾಷೆಯ ಮರ್ಮವು ಶಾಲೆಯ ಪರೀಕ್ಷೆಯಲ್ಲಿ ನಾವೆಲ್ಲ ಕಂಡ ‘ಬಿಟ್ಟ ಸ್ಥಳ ತುಂಬಿರಿ’ ಎಂಬುದೇ ಆಗಿದೆ. ತಿಳಿಯದ ಅಂಗದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಒಂದು ಹೆಸರನ್ನಿಟ್ಟು, ಇವರು ಜ್ಞಾನಪೀಠ ಪಡೆದಿರಬೇಕು, ಇವರ ಜನ್ಮಸ್ಥಳವು ಒಂದು ಊರಾಗಿರಬೇಕು, ಆ ಊರು ಹಾವೇರಿ ಜಿಲ್ಲೆಯಲ್ಲಿರಬೇಕು ಎಂದು ಮೂರು ವಾಕ್ಯಗಳನ್ನು ಬರೆದರೆ, ಮೂರನ್ನೂ ಏಕಕಾಲಕ್ಕೆ ಸತ್ಯವಾಗಿಸುವ ಹೆಸರುಗಳನ್ನೆಲ್ಲ ಯಂತ್ರವು ಹುಡುಕಿಕೊಡುತ್ತದೆ. ಈ ಮೂರು ಸಂಗತಿಗಳನ್ನು ಬರೆದವರು ಬೇರೆ ಬೇರೆಯವರಾಗಿದ್ದು, ಒಂದೇ ಪುಟದಲ್ಲಿ ಅವನ್ನು ಯಾರೂ ಒಟ್ಟಿಗೆ ಬರೆದಿಡದಿದ್ದರೂ ಗೋಕಾಕರ ಹೆಸರು ಉತ್ತರದಲ್ಲಿ ಬಂದೇ ಬರುತ್ತದೆ. ಈ ಪದ್ಧತಿಯ ನಿಜವಾದ ಸೊಬಗೆಲ್ಲ ಇಲ್ಲಿದೆಯೆಂದು ನನಗೆ ತೋರುತ್ತದೆ.

ಆದರೆ ಉತ್ತರದ ಯೋಗ್ಯತೆಯು ವಿವರಣೆಯ ಯೋಗ್ಯತೆಯನ್ನು ಮೀರಲಾರದು. ಗೋಕಾಕರು ಜನಿಸಿದ 1909ರಲ್ಲಿ ಸವಣೂರು ನವಾಬರ ಸಂಸ್ಥಾನವಾಗಿತ್ತು. ಸ್ವಾತಂತ್ರ್ಯಾನಂತರ ಅದು ಧಾರವಾಡ ಜಿಲ್ಲೆಗೆ ಸೇರಿತು. 1997ರಲ್ಲಿ ಹಾವೇರಿ ಜಿಲ್ಲೆ ರೂಪುಗೊಂಡಾಗ ಅದರ ಪಾಲಾಯಿತು. ಮೂರೂ ಸತ್ಯ, ಆದರೆ ಮೂರಕ್ಕೂ ಕಾಲದ ಎಲ್ಲೆಯುಂಟು. ಆದುದರಿಂದಲೇ ವಿಕಿಡೇಟಾದಲ್ಲಿ ಒಂದೊಂದು ಹೇಳಿಕೆಗೂ ಅದರ ಆರಂಭಕಾಲ, ಅಂತ್ಯಕಾಲಗಳನ್ನೂ, ಅದಕ್ಕೆ ಆಧಾರವಾದ ಗ್ರಂಥವನ್ನೂ ನಮೂದಿಸಲು ಅವಕಾಶವಿದೆ. ಅವಸರದಲ್ಲಿ ಈ ವಿವರವನ್ನು ಕೈಬಿಟ್ಟವನ ತಪ್ಪು ಅವನೊಬ್ಬನಲ್ಲಿ ನಿಲ್ಲದೆ, ಅದನ್ನು ನಂಬಿ ಕೇಳಿದ ಪ್ರತಿಯೊಂದು ಪ್ರಶ್ನೆಯ ಉತ್ತರಕ್ಕೂ ಹಬ್ಬುತ್ತದೆ.

ಈ ಭಂಡಾರದ ದ್ವಾರ ಯಾರಿಗೂ ಮುಚ್ಚಿಲ್ಲ, ಶುಲ್ಕವೂ ಇಲ್ಲ. ಓದುಗರು ಬಿಡುವಾದಾಗ ವಿಕಿಡೇಟಾವನ್ನು ತೆರೆದು ತಮ್ಮ ಊರಿನ, ತಮ್ಮ ಮೆಚ್ಚಿನ ಲೇಖಕರ ಹೆಸರನ್ನು ಹುಡುಕಿ ನೋಡಲಿ. ಅಲ್ಲಿ ಕನ್ನಡದ ಹೆಸರು ಇಲ್ಲದಿದ್ದರೆ ಸೇರಿಸಲಿ, ಹುಟ್ಟಿದ ಊರು ತಪ್ಪಾಗಿದ್ದರೆ ಆಧಾರಸಹಿತವಾಗಿ ತಿದ್ದಲಿ.