ಕಥೆ ಹೇಳಿದರೆ ವರದಿಯಾಗದು

ಪ್ರೌಢಶಾಲೆಯ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಾಗಲಿ, ಕಾಲೇಜಿನ ಅಸೈನ್‌ಮೆಂಟಿಗಾಗಲಿ, ಕನ್ನಡ ತರಗತಿಯಲ್ಲಿ ಪುಸ್ತಕ ವರದಿ ಕೊಟ್ಟ ದಿನ ಮೊದಲು ಏಳುವ ಪ್ರಶ್ನೆ ಒಂದೇ: “ಸರ, ಎಷ್ಟು ಪಾನ ಬರೀಬೇಕ್ರಿ?” ಯಾವ ಪುಸ್ತಕ ಎಂಬುದು ಆಮೇಲಿನ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗ ಹುಡುಗಿಯರು ಚೆನ್ನಾಗಿಯೇ ಓದುತ್ತಾರೆ. ಬರೆಯಲು ಕುಳಿತಾಗ ಅವರ ಕೈ ಹಿಡಿದು ನಿಲ್ಲಿಸುವುದು, ಹಿಂದಿನ ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ಸಾಗಿ ಬಂದ ಕೆಲವು ನಂಬಿಕೆಗಳು.

“ಕಥಿ ಬರದ್ರ ವರದಿ ಆತು”

ಇದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ತಪ್ಪು. ಅರವಿಂದ ಮಾಲಗತ್ತಿ ಅವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನೇ ತೆಗೆದುಕೊಳ್ಳೋಣ. ಅವರು 1956ರಲ್ಲಿ ಮುದ್ದೇಬಿಹಾಳದಲ್ಲಿ ಹುಟ್ಟಿದವರು. ಈ ಕೃತಿಯನ್ನು ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಗುರುತಿಸುತ್ತಾರೆ. ಇದರ ಸಾರಾಂಶ ಮಾಡಹೊರಟರೆ ಬಾಲ್ಯದಲ್ಲಿ ಹೀಗಾಯಿತು, ಶಾಲೆಯಲ್ಲಿ ಹಾಗಾಯಿತು ಎಂಬ ಪಟ್ಟಿಯಷ್ಟೇ ಕೈಗೆ ಸಿಗುತ್ತದೆ. ಪುಸ್ತಕವಾದರೋ ಹುಟ್ಟಿನಿಂದ ಇವತ್ತಿನವರೆಗೆ ಒಂದೇ ಎಳೆಯಾಗಿ ಸಾಗುವುದಿಲ್ಲ. ಬಿಡಿಬಿಡಿ ಪ್ರಸಂಗಗಳಾಗಿ ನಿಲ್ಲುತ್ತದೆ. ಲೇಖಕರು ಯಾಕೆ ಹೀಗೆ ಕಟ್ಟಿದರು? ಅವಮಾನದ ನೆನಪು ಕ್ರಮವಾಗಿ ಬರುತ್ತದೆಯೇ, ತುಂಡು ತುಂಡಾಗಿ ಬಂದು ಚುಚ್ಚುತ್ತದೆಯೇ? ಮೀಸಲಾತಿ ಪಡೆದವರನ್ನು ಹಂಗಿಸುವ ಮಾತೇ ಪುಸ್ತಕದ ಹೆಸರಾದಾಗ ಆ ಮಾತಿನ ಮೊನೆ ಯಾರ ಕಡೆ ತಿರುಗುತ್ತದೆ? ಈ ಪ್ರಶ್ನೆಗಳ ಬೆನ್ನು ಹತ್ತಿದಲ್ಲಿಂದ ವರದಿ ಶುರುವಾಗುತ್ತದೆ. ಮೂರು ಪುಟ ಬರೆಯುವುದಾದರೆ ಕಥಾಸಾರಕ್ಕೆ ಅರ್ಧ ಪುಟ ಸಾಕು. ಉಳಿದ ಜಾಗದಲ್ಲಿ ಮನಸ್ಸಿನಲ್ಲಿ ನಾಟಿದ ಒಂದೆರಡು ಪ್ರಸಂಗಗಳನ್ನು ಹಿಡಿದು, ಅವು ಯಾಕೆ ನಾಟಿದವು, ಯಾವ ಮಾತಿನಿಂದ ನಾಟಿದವು ಎಂದು ಬಿಡಿಸಿ ಬರೆಯಬೇಕು. ಇದಕ್ಕಾಗಿ ಓದುವಾಗಲೇ ನೋಟ್‌ಬುಕ್ಕಿನಲ್ಲಿ ಪುಟಸಂಖ್ಯೆ ಗುರುತು ಹಾಕಿಕೊಳ್ಳುವ ರೂಢಿ ಬೇಕು. ಓದಿ ಮುಗಿಸಿ ವಾರವಾದ ಮೇಲೆ ಆ ಸಾಲು ಹುಡುಕಿದರೆ ಸಿಗುವುದಿಲ್ಲ.

“ಮುನ್ನುಡಿ ಓದಿದ್ರ ಸಾಕು”

ಸಾಲದು. ಮುನ್ನುಡಿ ಇನ್ನೊಬ್ಬರ ಓದು. ಅದನ್ನು ಕೊನೆಗೆ ಓದಿ, ನಿಮ್ಮ ಓದಿನ ಪಕ್ಕ ಇಟ್ಟು ನೋಡಿ.

“ಅಚ್ಚಾದದ್ದೆಲ್ಲಾ ಖರೇನ, ದೊಡ್ಡವರಿಗೆ ಎದುರು ಬರೀಬಾರದು”

ಬಸವನ ಬಾಗೇವಾಡಿಯ ವಿದ್ಯಾರ್ಥಿ ಬಸವಣ್ಣನವರ ಕುರಿತ ಎರಡು ಪುಸ್ತಕ ತೆರೆದರೆ ಸಾಕು, ಈ ನಂಬಿಕೆ ಅಲುಗುತ್ತದೆ. ಹುಟ್ಟಿದ ವರ್ಷ ಒಂದರಲ್ಲಿ 1105, ಇನ್ನೊಂದರಲ್ಲಿ 1131 ಅಥವಾ 1134. ಜನ್ಮಸ್ಥಳ ಬಾಗೇವಾಡಿ ಎನ್ನುವವರಿದ್ದಾರೆ, ಇಂಗಳೇಶ್ವರ ಎನ್ನುವವರೂ ಇದ್ದಾರೆ. ಆಗ ಒಂದನ್ನು ಕಣ್ಣುಮುಚ್ಚಿ ನಕಲು ಮಾಡುವ ಬದಲು “ಈ ಲೇಖಕರು ಹೀಗೆನ್ನುತ್ತಾರೆ, ಕೊಡುವ ಆಧಾರ ಇದು” ಎಂದು ಬರೆಯುವುದು ವರದಿಯ ಧರ್ಮ. ಆಧಾರವನ್ನೇ ಕೊಟ್ಟಿಲ್ಲವಾದರೆ ಅದನ್ನೂ ಬರೆಯಬೇಕು. ಸಿಂದಗಿ ತಾಲ್ಲೂಕಿನವರಾದ ಎಂ. ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡೇ ಹಳೆಯ ತೀರ್ಮಾನಗಳನ್ನು ಪ್ರಶ್ನಿಸಿದವರು. ಅವರ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶ್ನೆ ಕೇಳುವುದು ಅಗೌರವವೆಂದು ಆ ತಾಲ್ಲೂಕಿನ ಮಕ್ಕಳಿಗೆ ಹೇಳಿಕೊಡುವುದು ನನಗೆ ಒಪ್ಪಿಗೆಯಾಗದು. ಆದರೆ “ಪುಸ್ತಕ ಚಲೋ ಇಲ್ಲ” ಎಂದಷ್ಟೇ ಬರೆದು ಕೈಬಿಟ್ಟರೆ ಅದೂ ವರದಿಯಲ್ಲ. ಎಲ್ಲಿ, ಯಾವ ಪುಟದಲ್ಲಿ, ಯಾಕೆ ಎಂಬುದೂ ಬರಬೇಕು.

“ನಮ್ಮ ಮಾತು ಬರವಣಿಗಿಗೆ ಬರಂಗಿಲ್ಲ”

ನನಗೆ ಅತಿ ನೋವು ಕೊಡುವ ನಂಬಿಕೆ ಇದು. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಮಧುರಚೆನ್ನರು, ಚಡಚಣದ ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಇದೇ ಸೀಮೆಯ ಮಾತು ಸಾಹಿತ್ಯವಾಗಿ ನಾಡಿಗೆಲ್ಲ ತಲುಪಿದ್ದು ಹೀಗೆ. ವರದಿಯ ವಾಕ್ಯಗಳು ಬರಹದ ಕನ್ನಡದಲ್ಲಿರಲಿ, ಅದು ತರಗತಿಯ ಶಿಸ್ತು. ಹಾಡಿನಲ್ಲಿ ಬಂದ ಊರ ಪದವನ್ನು ಮಾತ್ರ ತಿದ್ದದೆ ಹಾಗೆಯೇ ಉಳಿಸಿ, ಅರ್ಥ ಬಿಡಿಸಬೇಕು. ಧಾರವಾಡ, ಮೈಸೂರಿನ ವಿದ್ಯಾರ್ಥಿ ನಿಘಂಟು ನೋಡುವಲ್ಲಿ ನಿಮಗೆ ಮನೆಯೇ ನಿಘಂಟು.

ಇಂಥ ಸಂಗ್ರಹಕ್ಕೆ ಕಥೆಯಿಲ್ಲ, ಹಾಗಾಗಿ ವರದಿ ಆಗದು ಎಂದು ಹಲವರು ಅದನ್ನು ಕಪಾಟಿನಲ್ಲೇ ಬಿಡುತ್ತಾರೆ. ಕಥೆ ಇಲ್ಲದ್ದರಿಂದಲೇ ಅದು ಒಳ್ಳೆಯ ಆಯ್ಕೆ. ಸಾರಾಂಶದ ಹಳೆಯ ದಾರಿಗೆ ಜಾರುವ ಭಯವೇ ಇಲ್ಲ. ತವರಿನ ಮೇಲಿನ ತ್ರಿಪದಿಗಳನ್ನಷ್ಟೇ ಆರಿಸಿಕೊಳ್ಳಿ. ಹಾಡುವವಳು ಅಣ್ಣನಿಗೆ ಏನು ಹೇಳುತ್ತಾಳೆ, ಹಡೆದವ್ವನಿಗೆ ಏನು ಹೇಳುತ್ತಾಳೆ, ಅತ್ತೆಯ ಮನೆಯ ಬಗ್ಗೆ ಏನನ್ನು ಹೇಳದೆ ಉಳಿಸುತ್ತಾಳೆ ಎಂದು ಗಮನಿಸಿ. ಕೈಯಲ್ಲಿರುವ ಪ್ರತಿ ಮರುಮುದ್ರಣವಾಗಿದ್ದರೆ ಅದರ ವರ್ಷವನ್ನೂ ಮೊದಲ ಮುದ್ರಣದ ವರ್ಷವನ್ನೂ ಬೇರೆಬೇರೆಯಾಗಿ ನಮೂದಿಸಿ. ಆಮೇಲೆ ಪುಸ್ತಕ ತೆಗೆದುಕೊಂಡು ಮನೆಯ ಆಯಿಯ ಹತ್ತಿರ ಕುಳಿತು ಒಂದು ಪದ ಓದಿ ಹೇಳಿ. “ಹಂಗಲ್ಲ, ನಮ್ಮವ್ವ ಹಿಂಗ ಹಾಡತಿದ್ಲು” ಎಂದು ಆಕೆ ತಿದ್ದಿದರೆ ಆ ಸಾಲನ್ನು ಆಕೆ ಹಾಡಿದ ಹಾಗೆಯೇ ಬರೆದುಕೊಳ್ಳಿ. ಕೆಳಗೆ ಊರು, ತಾರೀಕು ಹಾಕಿ.