ನಿಮಗಿದು ಗೊತ್ತೆ? ಬಾದಾಮಿಗೆ ಬಂದ ಉಗಿಬಂಡಿ

ಬಾದಾಮಿ, ಬಾಗಲಕೋಟೆಗಳಿಗೆ ರೈಲು ಬರಲು ಮುಖ್ಯ ಕಾರಣ ಬರಗಾಲ. 1876–78ರ ಭೀಕರ ಕ್ಷಾಮದಲ್ಲಿ ಈ ಸೀಮೆಗೆ ಕಾಳುಕಡಿ ಸಾಗಿಸಲು ರೈಲುದಾರಿಯೇ ಇರಲಿಲ್ಲ. ಅದರ ಬೆನ್ನಿಗೆ, 1882ರಲ್ಲಿ, ಸದರ್ನ್ ಮರಾಠ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದ ಮಧ್ಯದಲ್ಲಿ ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರದ ಮೂಲಕ ಸೊಲ್ಲಾಪುರದ ಬಳಿಯ ಹೊಟಗಿವರೆಗೆ ಮೀಟರ್ ಗೇಜ್ ಹಳಿ ಬಿತ್ತು. ಇದೇ ಸೀಮೆಯ ಹುನಗುಂದ, ಇಳಕಲ್ ಊರುಗಳು ಹಳಿಯಿಂದ ಹೊರಗುಳಿದವು. ಬಾದಾಮಿಯ ನಿಲ್ದಾಣವೂ ಊರಿಗೆ ಸುಮಾರು 5 ಕಿ.ಮೀ. ದೂರ, ಬಾದಾಮಿಯ ಗುಹೆಗಳನ್ನು ನೋಡಲು ಬಂದವರಿಗೆ ಆಗ ಟಾಂಗಾ ಗತಿಯಾಗಿತ್ತು.

1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಭಾರತಕ್ಕೆ ಬಂದ ಗುಂಡುಮೂತಿಯ ಡಬ್ಲ್ಯುಪಿ ಉಗಿ ಎಂಜಿನ್‌ಗಳ ಚೆಲುವು ಈ ಹಾದಿಗೆ ಸಿಗಲಿಲ್ಲ. ಅವು 1,676 ಮಿ.ಮೀ. ಅಗಲದ ಬ್ರಾಡ್ ಗೇಜ್‌ಗೆ ಮಾಡಿದವು. ಇಲ್ಲಿನ ಹಳಿಯ ಅಗಲ 1,000 ಮಿ.ಮೀ. ಮೀಟರ್ ಗೇಜ್ ಪ್ರಯಾಣಿಕ ಗಾಡಿಗಳಿಗೆಂದೇ ಇದ್ದದ್ದು ವೈಪಿ ಎಂಜಿನ್. ಅದನ್ನು ಟೆಲ್ಕೊ ಕಂಪನಿ ಜಮ್ಶೆಡ್‌ಪುರದಲ್ಲಿ 1970ರವರೆಗೂ ತಯಾರಿಸಿತು. ಅಮೆರಿಕ ಅಷ್ಟರಲ್ಲಾಗಲೇ ಡೀಸೆಲ್‌ಗೆ ಹೊರಳಿತ್ತು.

ಗದಗ–ಹೊಟಗಿ ಹಳಿ ಈಗ ಪೂರ್ತಿ ಬ್ರಾಡ್ ಗೇಜ್. ಹಳೆಯ ಉಗಿ ಎಂಜಿನ್‌ಗಳನ್ನು ಹತ್ತಿರದಿಂದ ನೋಡಬಯಸುವವರಿಗೆ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ.