ಸಹಾಯಕನಿಂದ ಛಾಯಾಗ್ರಾಹಕನವರೆಗೆ: ವಿ.ಕೆ. ಮೂರ್ತಿ ನಡೆದ ದಾರಿ

ಗುರುದತ್ ನಿರ್ದೇಶನದ ಮೊದಲ ಚಿತ್ರ ‘ಬಾಜಿ’ (1951). ಅದರ ಹಾಡೊಂದಕ್ಕೆ ಕನ್ನಡಿಯ ಪ್ರತಿಬಿಂಬವನ್ನೂ ಕ್ಯಾಮೆರಾದ ಚಲನೆಯನ್ನೂ ಹೆಣೆದ ತೊಡಕಿನ ಶಾಟ್ ಬೇಕಿತ್ತು. ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕರಾಗಿದ್ದ ಮೈಸೂರಿನ ವಿ.ಕೆ. ಮೂರ್ತಿ ತಾವೇ ಅದನ್ನು ತೆಗೆಯಲು ಮುಂದಾದರು. ಗುರುದತ್ ಮೆಚ್ಚಿದರು. ಮರುವರ್ಷ ಬಂದ ‘ಜಾಲ್’ ಚಿತ್ರಕ್ಕೆ ಮೂರ್ತಿಯವರೇ ಛಾಯಾಗ್ರಾಹಕರಾದರು.

ಇದನ್ನು ಬರೀ ಅದೃಷ್ಟ ಎನ್ನುವಂತಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಡಿಪ್ಲೊಮಾ ಮುಗಿಸಿದ ಮೂರ್ತಿ, ಸ್ವತಂತ್ರ ಛಾಯಾಗ್ರಾಹಕರಾಗುವ ಮೊದಲು ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ದುಡಿದಿದ್ದರು. ಕ್ಯಾಮೆರಾ ನಡೆಸುವುದನ್ನು ತರಗತಿಯಲ್ಲಿ ಕಲಿಯಬಹುದು. ಬೆಳಕನ್ನು ಓದುವುದು ಸೆಟ್ಟಿನಲ್ಲಿ ನಿಂತೇ ಬರಬೇಕು.

ಈ ವೃತ್ತಿಯ ಮೆಟ್ಟಿಲುಗಳು ಈಗಲೂ ಹೆಚ್ಚುಕಡಿಮೆ ಹಾಗೇ ಇವೆ. ಹೊಸಬರು ಲೆನ್ಸ್ ಜೋಪಾನ ಮಾಡುವ, ಸಲಕರಣೆ ಹೊಂದಿಸುವ ಸಹಾಯಕರಾಗಿ ಸೇರುತ್ತಾರೆ. ಮುಂದೆ ಫೋಕಸ್ ಪುಲ್ಲರ್. ನಟ ಎರಡು ಹೆಜ್ಜೆ ಮುಂದೆ ಬಂದರೂ ಮುಖ ಮಸುಕಾಗದಂತೆ ಕಾಯುವ ಹೊಣೆ ಅವರದು. ಆಮೇಲೆ ಕ್ಯಾಮೆರಾ ಆಪರೇಟರ್. ಇವರೆಲ್ಲರ ಮೇಲೆ ಛಾಯಾಗ್ರಾಹಕ: ಯಾವ ಲೆನ್ಸ್, ಎಷ್ಟು ಬೆಳಕು, ಎಲ್ಲಿ ನೆರಳು ಎಂಬುದನ್ನು ನಿರ್ದೇಶಕರೊಂದಿಗೆ ಕೂತು ತೀರ್ಮಾನಿಸುವವರು.

ಆ ತೀರ್ಮಾನಕ್ಕೆ ಎಷ್ಟು ಶಕ್ತಿಯಿದೆ ಎಂಬುದು ‘ಕಾಗಜ್ ಕೆ ಫೂಲ್’ (1959) ನೋಡಿದರೆ ತಿಳಿಯುತ್ತದೆ. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಿದು. ಖಾಲಿ ಸ್ಟುಡಿಯೊದಲ್ಲಿ ನಾಯಕ, ನಾಯಕಿಯರ ನಡುವೆ ಇಳಿಯುವ ಬೆಳಕಿನ ಕೋಲು ಯಾವ ದೀಪದ್ದೂ ಅಲ್ಲ. ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಮೂರ್ತಿ ಒಳಗೆ ತಂದಿದ್ದರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಕಿರುತೆರೆಯನ್ನು ಅವರು ಕಡಿಮೆಯೆಂದು ಎಣಿಸಲಿಲ್ಲ. ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿ, ಮೂರ್ತಿಯವರಿಗೆ ಸಹಾಯಕರಾಗಿದ್ದ ಗೋವಿಂದ ನಿಹಲಾನಿ 1988ರಲ್ಲಿ ದೂರದರ್ಶನಕ್ಕಾಗಿ ‘ತಮಸ್’ ನಿರ್ದೇಶಿಸಿದಾಗ, ಗುರು ಶಿಷ್ಯನಿಗಾಗಿ ಕ್ಯಾಮೆರಾ ಹಿಡಿದರು. ಕನ್ನಡದಲ್ಲಿ ‘ಘಟಶ್ರಾದ್ಧ’ (1977) ಚಿತ್ರೀಕರಿಸಿದ ಎಸ್. ರಾಮಚಂದ್ರ ಅವರೂ ಹೀಗೆಯೇ ಎರಡೂ ಕಡೆ ದುಡಿದವರು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದವರೆಲ್ಲ ಅವರ ಕ್ಯಾಮೆರಾದ ಮೂಲಕವೇ ಅದರ ಚಿತ್ರೀಕರಣ ನಡೆದ ಆಗುಂಬೆಯನ್ನು ಕಂಡಿದ್ದಾರೆ.

ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಅವರು ಕಲಿತ ಕೋರ್ಸು ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ನೆಲೆ ಕಂಡಿತು. ಈಗ ಕಲಿಯಬಯಸುವವರಿಗೆ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ (ಎಫ್‌ಟಿಐಐ) ಬಾಗಿಲೂ ತೆರೆದಿದೆ. ಫಿಲ್ಮ್ ರೀಲಿನ ಕಾಲದಲ್ಲಿ ತೆಗೆದದ್ದು ಹೇಗೆ ಬಂದಿದೆಯೆಂದು ತಿಳಿಯಲು ಲ್ಯಾಬ್‌ನಿಂದ ರಶಸ್ (ಸಂಸ್ಕರಿಸಿದ ಮೊದಲ ಪ್ರತಿ) ಬರುವವರೆಗೆ ಕಾಯಬೇಕಿತ್ತು. ಈಗ ಮಾನಿಟರ್ ತಕ್ಷಣ ತೋರಿಸುತ್ತದೆ, ಚಿತ್ರೀಕರಣದ ನಂತರ ಡಿಐ (ಡಿಜಿಟಲ್ ಇಂಟರ್‌ಮೀಡಿಯೆಟ್) ಕೋಣೆಯಲ್ಲಿ ಬಣ್ಣ ತಿದ್ದುವ ಕೆಲಸವೂ ಛಾಯಾಗ್ರಾಹಕರ ಪಾಲಿಗೆ ಬಂದಿದೆ. ಧಾರಾವಾಹಿಗೆ ಹೋದರೆ ವೇಗ ರೂಢಿಯಾಗುತ್ತದೆ, ಸಿನಿಮಾಕ್ಕೆ ಹೋದರೆ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಸಿಗುತ್ತದೆ. ಎಲ್ಲಿಗೇ ಹೋದರೂ, ಒಳ್ಳೆಯ ಛಾಯಾಗ್ರಾಹಕರೊಬ್ಬರ ತಂಡದಲ್ಲಿ ಕೆಲವು ವರ್ಷ ಸಹಾಯಕರಾಗಿ ಇರುವುದನ್ನು ಹೊಸಬರು ತಪ್ಪಿಸಿಕೊಳ್ಳಬಾರದು.